ಅಂಗಡಿಯ ತನಕ ನೀಲಾಬಾಯಿ

"ಸಾಬಾಣ ಹಚ್ರಿ ಕೈಗೆ. ಸಾಬಾಣ ಹಚ್ಚಿದ್ರ ಏರತಾವ," ಎನ್ನುತ್ತ ಚಾಳಿನ ಗೆಳತಿ ನಾಗರತ್ನಾ ಹಸಿರು ಗಾಜಿನ ಬಳೆಯೊಂದನ್ನು ನೀಲಾಬಾಯಿಯ ಬಲಗೈಗೆ ಏರಿಸಲು ಹೆಣಗುತ್ತಿದ್ದಳು. ಬೆಳಗಿನ ಜಾವ ಉಸಿರು ನಿಂತವಳ ಕೈ ಈಗ ಸೆಟೆದುಕೊಂಡಿತ್ತು. ಬಳೆ ಹೆಬ್ಬೆರಳ ಗೆಣ್ಣಿನ ಹತ್ತಿರ ಬಂದು ಮುಂದಕ್ಕೆ ಹೋಗಲೊಲ್ಲದು.

"ನಿಲ್ರಿ ಯಕ್ಕಾ. ಬಳಿ ಯಾಕ?" ಬಾಗಿಲಲ್ಲಿ ನಿಂತಿದ್ದವನು ಒಳಗೆ ಬಂದ. ನೀಲಾಬಾಯಿಯ ಒಬ್ಬನೇ ತಮ್ಮ, ಹೆಸರು ಶ್ರೀಮಂತ. ಸುದ್ದಿ ತಿಳಿದೊಡನೆ ಭಾಂಡುಪ್‌ನಿಂದ ಲೋಕಲ್ ಹಿಡಿದು ಬಂದಿದ್ದ. ಅಳುವುದನ್ನೆಲ್ಲ ರೈಲಿನಲ್ಲೇ ಮುಗಿಸಿಕೊಂಡವನ ಹಾಗೆ ಮುಖ ಒಣಗಿತ್ತು.

"ಮುತ್ತೈದಿನ್ನ ಬರಿಗೈಲೆ ಕಳಸ್ತಾರೇನೋ ತಮ್ಮಾ?"

"ಮುತ್ತೈದಿ ಅಂತ ನಿಮಗ ಯಾರ ಹೇಳ್ಯಾರ? ಅಕ್ಕ ತಾನಾ ಬಳಿ ತಗದು ಮೂರ್ನಾಕ ವರ್ಷ ಆತು. ಗಂಡ ಸತ್ತ ಸುದ್ದಿ ಬರದ ನಮ್ಮ ಹೆಣ್ಣಮಕ್ಕಳು ಬಳಿ ತಗೀತಾರೇನು?"

"ಅಂಥಾ ಸುದ್ದಿ ಬಂದಿದ್ರ ಕುಂಕುಮಾನೂ ಬಿಡತಿದ್ದಳು. ನಿನ್ನಿ ಸಂಜಿ ತನಕಾ ಹಣಿ ಮ್ಯಾಲ ಕುಂಕುಮ ಇತ್ತು. ಈ ಕಣ್ಣಿಲೆ ನೋಡೀನಿ ನಾ."

ಇಬ್ಬರ ಮಾತಿನಲ್ಲೂ ಹುರುಳಿತ್ತು, ಅದೇ ತೊಂದರೆ. ನೀಲಾಬಾಯಿಯ ಗಂಡ ಹಣಮಂತ ಕಾಣದಾಗಿ ಮೂವತ್ತು ವರ್ಷದ ಮೇಲಾಗಿತ್ತು. ಇದ್ದಾನೆಂದು ಹೇಳಿದವರಿಲ್ಲ, ಸತ್ತನೆಂದು ಹೇಳಿದವರೂ ಇಲ್ಲ. ಅದರಲ್ಲಿ ಹೆಚ್ಚುಪಾಲು ವರ್ಷ ನೀಲಾಬಾಯಿ ಎರಡೂ ಕೈ ತುಂಬ ಹಸಿರು ಬಳೆ ತೊಟ್ಟಿದ್ದಳು. ಒಂದು ಒಡೆದರೆ ಅದೇ ದಿನ ಇನ್ನೊಂದು ಬರಬೇಕು. ಅಂಥವಳು ಒಂದು ದಿನ ಬರಿಗೈಯಲ್ಲಿ ನಳದ ಹತ್ತಿರ ಕಾಣಿಸಿಕೊಂಡಾಗ ಚಾಳಿನ ಹೆಂಗಸರು ಬಕೆಟ್ಟು ಕೆಳಗಿಟ್ಟು ನೋಡಿದ್ದರು. ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಕೈಗೆ ಬಾವು ಬಂದೈತಿ." ಬಾವು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಚಾಳಿನ ಹಿರಿಯ ಶೆಟ್ಟೆಪ್ಪ ಗಂಟಲು ಸರಿಮಾಡಿಕೊಂಡ. ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಮಾತಾಡುವುದು ಅವನ ಹುಟ್ಟುಗುಣ. "ನೋಡ್ರಿ, ಮುತ್ತೈದಿಗೆ ಮಾಡೂದನ್ನ ರಂಡಿಮುಂಡಿಗೆ ಮಾಡಿದ್ರೂ ತಪ್ಪು, ಮುತ್ತೈದಿಗೆ ಮಾಡದ ಬಿಟ್ರೂ ತಪ್ಪು. ಮಗಳ ಅದಾಳಲ್ಲ, ಅಕಿ ಹೇಳಲಿ. ಶೀತಲ್, ನಿಮ್ಮವ್ವ ನಿನ್ನ ಮುಂದ ಏನರೆ ಅಂದಿದ್ದಳೇನವಾ?"

ತಾಯಿಯ ತಲೆಯ ಹತ್ತಿರ ಕೂತಿದ್ದ ಶೀತಲ್ ಎಲ್ಲರ ಮುಖ ನೋಡಿದಳು. ದಾದರ್‌ನ ಆಫೀಸಿನಲ್ಲಿ ದಿನವಿಡೀ ಮರಾಠಿ, ಹಿಂದಿ ಆಡುವವಳು. ಕನ್ನಡ ಅವಳಿಗೆ ತಾಯಿಯೊಬ್ಬಳ ಜೊತೆ ಆಡುವ ಭಾಷೆ, ಈಗ ಆ ತಾಯಿಯೂ ಇಲ್ಲ.

"ನನಗ... ಪತಾ ನಹೀ ಮಾಮಾ. ಪಪ್ಪಾ ದಾರಿ ತಪ್ಪಿದ, ಅಷ್ಟೇ ಹೇಳಿದ್ಳು. ಬಳಿದು ನಾ ಕೇಳಿಲ್ಲ. ಕೇಳಬೇಕಿತ್ತು." ಅವಳು ಕಣ್ಣೊರೆಸಿಕೊಂಡು ಎದ್ದಳು. "ಐದು ಮಿನಿಟ ಕೊಡ್ರಿ. ಅವ್ವನ ಲಾಡ್ಜಿನ ಶೇಖರ್ ಅಂಕಲ್‌ಗೆ ಕೇಳತೀನಿ."

ಮುತ್ತೈದೆ, ವಿಧವೆ ಎಂಬ ಲೆಕ್ಕದ ಚಿಂತೆ ಅವಳಿಗಿರಲಿಲ್ಲ. ಆದರೆ ಅವ್ವ ತಾನಾಗಿ ತೆಗೆದದ್ದನ್ನು ಇವರು ಬಲವಂತದಿಂದ ಹಾಕಿ ಕಳಿಸಿಬಿಟ್ಟರೆ? ಅಥವಾ ಅವ್ವನಿಗೆ ಬೇಕಾಗಿದ್ದದ್ದನ್ನು ತಾನು ಕೊಡದೆ ಕಳಿಸಿದರೆ? ಚಿತೆ ಏರಿದ ಮೇಲೆ ತಿದ್ದಲು ಬರುವಂಥ ತಪ್ಪಲ್ಲ ಅದು.

*

ಮೂವತ್ತು ವರ್ಷದ ಹಿಂದೆ ನೀಲಾಬಾಯಿ ಮತ್ತು ಹಣಮಂತ ಇಂಡಿ ತಾಲೂಕಿನಿಂದ ಮುಂಬೈಯ ಸಯನ್‌ಗೆ ಬಂದದ್ದು ನಾಲ್ಕು ದಿನಕ್ಕೆಂದು. ಕೂಸು ಶೀತಲ್‌ಗೆ ಜ್ವರ ನೆತ್ತಿಗೇರಿತ್ತು, ದೊಡ್ಡ ಆಸ್ಪತ್ರೆಗೆ ತೋರಿಸಬೇಕಿತ್ತು. ಆಸ್ಪತ್ರೆಗೆ ಬರುವ ಊರಿನವರು ಇಳಿದುಕೊಳ್ಳುವ ಲಾಡ್ಜ್ ಒಂದಿತ್ತು, ಉಡುಪಿ ಕಡೆಯವರದ್ದು. ಅಲ್ಲಿ ಚೀಲ ಬಿಚ್ಚಿದಾಗ ಗೊತ್ತಾಯಿತು, ಕೂಸಿನ ಹಾಲಿನ ಬಾಟಲಿ ಊರಲ್ಲೇ ಉಳಿದಿದೆ.

ಹಣಮಂತ ಕೆಳಗಿಳಿದು ಕೌಂಟರಿನಲ್ಲಿದ್ದ ಹುಡುಗನನ್ನು ಕೇಳಿದ. ಮಾಲೀಕರ ಮಗ ಶೇಖರ, ಆಗಿನ್ನೂ ಮೀಸೆ ಚಿಗುರುತ್ತಿದ್ದ ಪ್ರಾಯ, ಕೂತಲ್ಲಿಂದಲೇ ಬೆರಳು ಚಾಚಿದ. "ಸೀದಾ ಹೋಗಿ. ಗಡಿಯಾರದ ಅಂಗಡಿ ಸಿಗ್ತದೆ, ಅಲ್ಲಿ ಎಡಕ್ಕೆ ತಿರುಗಿ. ಮತ್ತೆ ಯಾರನ್ನಾದ್ರೂ ಕೇಳಿ."

ಹಣಮಂತ ಸೀದಾ ಹೋದ, ತಿರುಗಿ ಬರಲಿಲ್ಲ.

ಕೂಸು ಬದುಕಿಕೊಂಡಿತು. ನೀಲಾಬಾಯಿ ಊರಿಗೆ ಹೋಗಲೊಲ್ಲೆ ಎಂದಳು. "ಅಂವ ಅಕ್ಷರ ಬಾರದಾಂವ. ದಾರಿ ತಪ್ಯಾನ. ತಿರಗ್ಯಾಡಿ ತಿರಗ್ಯಾಡಿ ಇಲ್ಲಿಗೇ ಬರತಾನ. ನಾ ಇಲ್ಲಿ ಇರಲಿಕ್ಕಂದ್ರ ಯಾರನ್ನ ಹುಡುಕಬೇಕು ಅಂವ?" ಶೇಖರ ಅಪ್ಪನ ಕಾಲು ಹಿಡಿದು ಅವಳಿಗೆ ರೂಮು ಗುಡಿಸುವ ಕೆಲಸ ಕೊಡಿಸಿದ. ತನ್ನ ಬೆರಳೇ ಆ ಮನುಷ್ಯನನ್ನು ಮುಂಬೈಯೊಳಗೆ ನೂಕಿಬಿಟ್ಟಿತು ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು.

ಆಮೇಲೆ ಆ ಲಾಡ್ಜಿನಲ್ಲಿ ಯಾರೂ ಯಾರಿಗೂ ಬೆರಳು ತೋರಿಸಿ ದಾರಿ ಹೇಳಿದ್ದಿಲ್ಲ. ಒಂದು ರಾತ್ರಿ, ಎರಡು ರಾತ್ರಿಗೆಂದು ಬರುವವರು ಏನಾದರೊಂದು ಮರೆತೇ ಬರುತ್ತಿದ್ದರು. ಹಲ್ಲುಜ್ಜುವ ಬ್ರಶ್ಶು, ಒಳಲಂಗದ ಲಾಡಿ, ಮೊಬೈಲಿನ ಚಾರ್ಜರು, ಮುದುಕರ ಡೈಪರು, ಅರ್ಧ ಮಾತಿನಲ್ಲಿ ಕೇಳಿ ಇನ್ನರ್ಧ ನುಂಗುವ ಹುಡುಗಿಯರ ಪ್ಯಾಡು. ಕೇಳಿದೊಡನೆ ನೀಲಾಬಾಯಿ ಪೊರಕೆ ಗೋಡೆಗಾನಿಸಿ ಬಾಗಿಲಿಗೆ ಬರುತ್ತಿದ್ದಳು. ಇದಕ್ಕೆಂದೇ ಇಟ್ಟ ಅವಳ ಚಪ್ಪಲಿ ಯಾವಾಗಲೂ ಅಲ್ಲೇ ಬೆಂಚಿನ ಕೆಳಗೆ, ಮೂತಿ ರಸ್ತೆಯ ಕಡೆಗೆ. ಮೆಟ್ಟಿಕೊಂಡು ಮುಂದೆ ನಡೆಯುವಳು, ಪ್ರತಿ ತಿರುವಿನಲ್ಲೂ ನಿಂತು ಹಿಂದೆ ನೋಡುವಳು. ಬರುತ್ತಿದ್ದಾರೆ ಎಂದು ಖಾತ್ರಿಯಾದರೇ ಮುಂದಿನ ಹೆಜ್ಜೆ.

ಈಚಿನ ಹುಡುಗರು ಮೊಬೈಲಿನ ನಕ್ಷೆ ತೋರಿಸಿ ನಗುತ್ತಿದ್ದರು. "ಅದು ಅಂಗಡಿ ತೋರಸ್ತೈತಿ, ಖರೆ. ನಿಮ್ಮ ಕೈ ಹಿಡದು ಹೊಳ್ಳಿ ಮನಿಗೆ ತಂದು ಬಿಡ್ತೈತೇನು?" ಎಂದು ಅವಳೂ ನಗುವಳು. ವಾಪಸು ತಂದು ರೂಮಿನ ಬಾಗಿಲು ತಟ್ಟಿ, ಒಳಗಿದ್ದವರಿಗೆ ಒಪ್ಪಿಸಿದ ಮೇಲೆಯೇ ಅವಳ ಕೆಲಸ ಮುಗಿಯುವುದು. "ತೊಗೋರಿ, ನಿಮ್ಮ ಮನಷಾನ್ನ ನಿಮಗ ಒಪ್ಪಿಸೀನಿ." ಬ್ಲೇಡು ತರಲು ಹೋದವನನ್ನು ಗಡಿಯಿಂದ ಬಂದ ಸಿಪಾಯಿಯ ಹಾಗೆ ಒಪ್ಪಿಸುವುದನ್ನು ಕಂಡು ಎಲ್ಲರಿಗೂ ತಮಾಷೆ. ಶೇಖರ ಮಾತ್ರ ಆಗ ಕೌಂಟರಿನ ಮೇಲಿನ ಧೂಳು ಒರೆಸುತ್ತಿದ್ದ.

*

ಶೇಖರ ಲಾಡ್ಜಿನ ಮುಂದೆ ಹೆಣದ ಗಾಡಿಯವನ ಜೊತೆ ಮಾತಾಡುತ್ತಿದ್ದ. ಈಗ ಅವನೇ ಮಾಲೀಕ, ತಲೆಯೂ ಬೆಳ್ಳಗಾಗಿತ್ತು. ಶೀತಲ್ ಬಂದು ಕೇಳಿದ್ದನ್ನು ಕೇಳಿ ಬೆಂಚಿನ ಮೇಲೆ ಕೂತುಬಿಟ್ಟ.

"ಹೇಳಬಾರದು ಅಂತ ಅವಳು ಆಣೆ ಹಾಕಿಸಿದ್ದಳು ಮಗಾ."

"ಅಂಕಲ್, ಈಗ ಅಲ್ಲಿ ಅವಳ ಕೈ ಹಿಡಿದು ಝಗಡಾ ಮಾಡ್ತಿದಾರೆ. ಪ್ಲೀಸ್."

ಅವನು ಬಗ್ಗಿ ಬೆಂಚಿನ ಕೆಳಗಿನ ಆ ಚಪ್ಪಲಿಗಳನ್ನು ನೋಡಿದ. "ನಿನ್ನ ಅಪ್ಪ ಇದ್ದಾನೆ. ಇಲ್ಲಿಗೆ ಬಂದಿದ್ದ."

*

ಮೂರ್ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಸೋಲಾಪುರದ ಕಡೆಯ ಗಂಡಹೆಂಡತಿ ರೂಮು ಹಿಡಿದಿದ್ದರು. ಹೆಂಡತಿಗೆ ಕಣ್ಣಿನ ಆಪರೇಶನ್ ಆಗಿತ್ತು. ಕೈಯಲ್ಲಿ ನೀರಿನ ಜಗ್ ಹಿಡಿದು ಹೋದ ನೀಲಾಬಾಯಿ ಬಾಗಿಲಲ್ಲೇ ನಿಂತಳು. ಮಾತಾಡುವ ಮೊದಲು ಎರಡು ಸಲ ಕೆಮ್ಮುವ ಗಂಡಸನ್ನು ಅವಳು ಜೀವಮಾನದಲ್ಲಿ ಒಬ್ಬನನ್ನೇ ಕಂಡಿದ್ದಳು.

"ಬಾಯಾರ, ಇಲ್ಲಿ ಚಾದರ ಎಲ್ಲಿ ಸಿಗತಾವ? ನಮ್ಮಾಕಿಗೆ ಥಂಡಿ ಆಗಾಕ ಹತ್ತೈತಿ. ತರೂದು ಮರತ ಬಂದೀವಿ."

ಅವನಿಗೆ ಗುರುತು ಹತ್ತಲಿಲ್ಲ. ನರೆತ ಕೂದಲು, ಸೆರಗು ಹೊದ್ದ ತಲೆ. ಗುಡಿಸುವವಳ ಮುಖವನ್ನು ಯಾರು ತಾನೇ ನೋಡುತ್ತಾರೆ. ನೀಲಾಬಾಯಿ ಜಗ್ ಕೆಳಗಿಟ್ಟಳು. "ಬರ್ರಿ, ನಾ ಬರತೀನಿ," ಎಂದಳು.

ಬಂದ, ಕೊನೆಗೂ ಬಂದ. ಎಷ್ಟು ಅಲೆದನೋ, ಯಾರ ಕೈ ಸೇರಿದನೋ, ದಾರಿ ತಪ್ಪಿದವನಿಗೆ ಒಂದು ಸಂಸಾರವಾದರೆ ಅದೇನು ಪಾಪವೇ? ಅಂಗಡಿಯ ಹತ್ತಿರ ಬೆಳಕಿನಲ್ಲಿ ಮುಖ ತೋರಿಸಿ ಹೇಳೋಣ ಎಂದುಕೊಂಡು ಅವಳು ಮುಂದೆ ಮುಂದೆ ನಡೆದಳು. ಮೊದಲ ತಿರುವಿನಲ್ಲಿ ನಿಂತು ಹಿಂದೆ ನೋಡಿದಳು.

ಅವನು ನಿಲ್ಲಲಿಲ್ಲ. ಅವಳನ್ನು ದಾಟಿ ತಾನೇ ಎಡಕ್ಕೆ ತಿರುಗಿದ. "ಇಲ್ಲೊಂದು ಗಡಿಯಾರದ ಅಂಗಡಿ ಇತ್ತಲ್ಲ," ಎಂದ, ತನಗೆ ತಾನೇ ಹೇಳಿಕೊಂಡ ಹಾಗೆ. "ಈಗ ಔಷಧದ್ದು ಆಗೈತಿ. ಹಿಂದಿನ ಓಣ್ಯಾಗ ಹೋದ್ರ ಸ್ಟೇಶನ್ನು. ಆವತ್ತು ಅಲ್ಲೇ ಗಾಡಿ ಹತ್ತಿದ್ದೆ ನಾ."

ಗಡಿಯಾರದ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದು ಇದ್ದದ್ದನ್ನು ಬಲ್ಲವನಿಗೆ ತಿರುವು ಗೊತ್ತಿತ್ತು. ತಿರುವು ಗೊತ್ತಿದ್ದವನಿಗೆ ಲಾಡ್ಜೂ ಗೊತ್ತಿತ್ತು.

ಅವನು ಚಾದರ ಆರಿಸಿದ. ಕೆಂಪು ಹೂವಿನದ್ದು, ದಪ್ಪನೆಯದು. ಮೆತ್ತಗಿದೆಯೋ ಎಂದು ಕೆನ್ನೆಗೆ ಒತ್ತಿ ನೋಡಿಕೊಂಡ. ವಾಪಸು ಬರುವಾಗ ಅವನೇ ಮುಂದೆ, ಅವಳು ಹಿಂದೆ. ಒಂದು ತಿರುವಿನಲ್ಲೂ ಅವನು ತಿರುಗಿ ನೋಡಲಿಲ್ಲ. ನೀಲಾಬಾಯಿ ರೂಮಿನ ಬಾಗಿಲು ತಟ್ಟಿದಳು. ಕಣ್ಣಿಗೆ ಪಟ್ಟಿ ಕಟ್ಟಿದ ಹೆಂಗಸು ಮಂಚದ ಮೇಲಿಂದ ಗಾಬರಿಯಲ್ಲಿ ಕೇಳಿದಳು, "ಯಾರ ಅದು?"

"ಹೆದರಬ್ಯಾಡ್ರಿ ತಂಗಿ. ತೊಗೋರಿ, ನಿಮ್ಮ ಮನಷಾನ್ನ ನಿಮಗ ಒಪ್ಪಿಸೀನಿ."

ಕೆಳಗೆ ಬಂದು ಕೌಂಟರಿನ ಮುಂದೆ ನಿಂತು ಒಂದೊಂದೇ ಬಳೆ ತೆಗೆದಳು. ಒಡೆಯಲಿಲ್ಲ, ತೆಗೆದು ಸಾಲಾಗಿ ಇಟ್ಟಳು. ಶೇಖರ ಗಾಬರಿಯಾಗಿ ಎದ್ದುನಿಂತ.

"ಶೇಖರಣ್ಣಾರ, ಅಂವಗ ದಾರಿ ಗೊತ್ತಿತ್ರಿ," ಎಂದಳು. "ನಿಮ್ಮ ಬೆರಳಿಂದು ತಪ್ಪಿಲ್ಲ. ನೀವು ಬರೋಬ್ಬರಿ ಹೇಳಿದ್ರಿ."

ನಡೆದದ್ದನ್ನೆಲ್ಲ ಹೇಳಿ, ಯಾರ ಮುಂದೆಯೂ ಬಾಯಿ ಬಿಡದಂತೆ ಆಣೆ ಹಾಕಿಸಿದಳು, ಅದಾದ ಮೇಲೆ ಆ ಮಾತು ಎತ್ತಲಿಲ್ಲ. ಮರುದಿನ ಯಾರೋ ಬಾಚಣಿಗೆ ಮರೆತು ಬಂದಿದ್ದರು. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

*

ಶೀತಲ್‌ಳ ಹಿಂದೆಯೇ ಶೇಖರನೂ ಚಾಳಿಗೆ ಬಂದು ಎಲ್ಲರೆದುರು ಆಣೆ ಮುರಿದ. ಕೇಳಿದ್ದೇ ನಾಗರತ್ನಾ ಎದೆಗೆ ಕೈ ಒತ್ತಿಕೊಂಡಳು. ತಾನು ನಡುಪ್ರಾಯದಲ್ಲೇ ಬಳೆ ಒಡೆಸಿಕೊಂಡವಳು. ಗೆಳತಿಗಾದರೂ ಮುತ್ತೈದೆಯಾಗಿ ಹೋಗುವ ಭಾಗ್ಯ ಸಿಕ್ಕಿತೆಂದು ಅವಳಿಗೆ ಹಿಗ್ಗು. "ಅದಾನಲ್ಲ! ಜೀವಂತ ಅದಾನಲ್ಲ! ನಾ ಹೇಳಲಿಲ್ಲೇನು, ನಮ್ಮ ನೀಲಕ್ಕ ಮುತ್ತೈದಿ. ಎಲ್ಲಿ ಸಾಬಾಣ?"

ಶ್ರೀಮಂತ ಹಲ್ಲು ಕಚ್ಚಿದ. ಭಾವ ಕೈಗೆ ಸಿಕ್ಕರೆ ಏನು ಮಾಡುತ್ತಿದ್ದನೋ, ಆದರೆ ಅಕ್ಕನ ಸದ್ಗತಿ ಅವನಿಗೆ ಸಿಟ್ಟಿಗಿಂತ ದೊಡ್ಡದು. "ಹಂಗಾದ್ರ ಅವನ್ನ ಕರಸ್ರಿ. ಗಂಡನ ಕೈಲೆ ಕುಂಕುಮ ಬೀಳಲಿ. ಶೇಖರಣ್ಣಾ, ಫೋನ್ ನಂಬರ್ ಇದ್ದೇ ಇರತೈತಿ ನಿಮ್ಮ ಹಂತೇಕ. ಸೋಲಾಪುರ ಏನ ದೂರ? ಬರೂತನಕಾ ಬರ್ಫದಾಗ ಇಡೂಣು."

"ಅದೂ ಸರೀನ," ಎಂದ ಶೆಟ್ಟೆಪ್ಪ.

ಶೇಖರ ಜೇಬಿನಿಂದ ಮೊಬೈಲು ತೆಗೆದು ಶೀತಲ್‌ಳ ಮುಖ ನೋಡಿದ. "ನೀನು ಹೇಳು ಮಗಾ. ಮಾಡುದಾದ್ರೆ ಈಗಲೇ ಮಾಡ್ತೇನೆ."

ಶೀತಲ್ ತಾಯಿಯ ಕೈ ಹಿಡಿದುಕೊಂಡಳು. ಗೆಣ್ಣಿನಲ್ಲಿ ಸಿಕ್ಕಿಕೊಂಡಿದ್ದ ಬಳೆಯನ್ನು ಮೆಲ್ಲಗೆ ತಿರುಗಿಸುತ್ತ, ಸಾಬೂನಿಲ್ಲದೆಯೇ, ಹೊರಗೆ ತೆಗೆದಳು. ಅದನ್ನು ನಾಗರತ್ನಾಳ ಅಂಗೈಯಲ್ಲಿಟ್ಟಳು.

"ಫೋನ್ ಬ್ಯಾಡ ಅಂಕಲ್," ಎಂದಳು. ಅಷ್ಟರವರೆಗೆ ತಡವರಿಸುತ್ತಿದ್ದ ಕನ್ನಡ ಈಗ ತಡವರಿಸಲಿಲ್ಲ. ಅದು ಅವಳ ತಾಯಿಯದೇ ಕನ್ನಡವಾಗಿತ್ತು. "ಬರೂದಿದ್ರ ಬರತಾನ. ಅಂವಗ ದಾರಿ ಗೊತ್ತೈತಿ."

ಶೇಖರ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ಮೌಶಿ, ಬಳಿ ಅವ್ವ ತಾನಾ ತಗದಾಳ, ಹಂಗೇ ಇರಲಿ. ಕುಂಕುಮ ಅವ್ವ ಬಿಟ್ಟಿಲ್ಲ. ಅದನ್ನ ನೀ ಹಚ್ಚು."

"ನಾ ಹಚ್ಚಬಾರದವಾ..." ನಾಗರತ್ನಾ ಕೈ ಹಿಂದಕ್ಕೆಳೆದುಕೊಂಡಳು.

"ದಿನಾ ನಳದ ಮುಂದ ಅವ್ವನ ಹಣಿ ನೋಡಿದಾಕಿ ನೀನ ಅಲ್ಲೇನು? ಹಚ್ಚು."

ನಾಗರತ್ನಾ ಅಳುತ್ತಲೇ ಹಚ್ಚಿದಳು. ಕುಂಕುಮ ಒಂದಿಷ್ಟು ಮೂಗಿನ ಮೇಲೂ ಉದುರಿತು. ಶ್ರೀಮಂತ ಬಗ್ಗಿ, ಅದನ್ನು ಒರೆಸದೆ ಹಾಗೇ ಬಿಟ್ಟು, ಅಕ್ಕನ ಬರಿಗೈಗಳನ್ನು ಎದೆಯ ಮೇಲೆ ಜೋಡಿಸಿದ. ಗಾಡಿ ಲಾಡ್ಜಿನ ಮುಂದೆ ಒಂದು ಗಳಿಗೆ ನಿಂತು, ತಿರುವಿನಲ್ಲಿ ಎಡಕ್ಕೆ ಹೊರಳಿತು.

*

ಸಂಜೆ ಸ್ನಾನ ಮುಗಿಸಿ ಹಸಿ ಕೂದಲಲ್ಲೇ ಶೀತಲ್ ಲಾಡ್ಜಿಗೆ ಬಂದಳು. ತಾಯಿಯ ಊಟದ ಡಬ್ಬಿ, ಒಂದು ಹಳೆಯ ಸ್ವೆಟರು, ಬೆಂಚಿನ ಕೆಳಗಿನ ಚಪ್ಪಲಿ, ಇಷ್ಟು ಒಯ್ಯಬೇಕಿತ್ತು. ಶೇಖರ ಕೌಂಟರಿನಲ್ಲಿ ಸುಮ್ಮನೆ ಕೂತಿದ್ದ.

ಮೆಟ್ಟಿಲಿಳಿದು ಒಬ್ಬ ಬಂದ. ಎಳೆಯ ಪ್ರಾಯ, ಇಸ್ತ್ರಿ ಕೆಟ್ಟ ಅಂಗಿ, ನಿದ್ದೆಗೆಟ್ಟ ಕಣ್ಣು. ಮೇಲೆ ಮೆಟ್ಟಿಲ ಕೊನೆಯಲ್ಲಿ ಅವನ ಹೆಂಡತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ಯಣ್ಣಾ, ಇಲ್ಲಿ ಫ್ಲಾಸ್ಕ್ ಎಲ್ಲಿ ಸಿಗತೈತ್ರಿ? ಬಿಸಿನೀರಿಗೆ. ಅವಸರದಾಗ ಮರತ ಬಂದೀವಿ."

ಮೂವತ್ತು ವರ್ಷದ ಮೇಲೆ ಶೇಖರನ ಕೈ ಮೊದಲ ಸಲ ಮೇಲೆದ್ದಿತು. ಬೆರಳು ಇನ್ನೂ ಪೂರ್ತಿ ಚಾಚಿರಲಿಲ್ಲ, ಶೀತಲ್ ಡಬ್ಬಿಯನ್ನು ಕೌಂಟರಿನ ಮೇಲಿಟ್ಟಳು. ಬೆಂಚಿನ ಕೆಳಗಿನ ಚಪ್ಪಲಿಗಳನ್ನು ತಿರುಗಿಸಬೇಕಾದ ಅಗತ್ಯವಿರಲಿಲ್ಲ, ಅವು ರಸ್ತೆಯ ಕಡೆಗೇ ಇದ್ದವು. ಅವಳಿಗೆ ಸ್ವಲ್ಪ ಚಿಕ್ಕವು. ಹಿಮ್ಮಡಿ ಹೊರಗೆ ಉಳಿಯಿತು.

"ಬರ್ರಿ," ಎಂದಳು.

ಔಷಧದ ಅಂಗಡಿಯ ತಿರುವಿಗೆ ಬಂದು ಅವಳು ನಿಂತಳು. ಆಫೀಸು ಬಿಟ್ಟ ಜನ ಸ್ಟೇಶನ್ನಿನ ಕಡೆಯಿಂದ ಗುಂಪುಗುಂಪಾಗಿ ಬರುತ್ತಿದ್ದರು. ಶೀತಲ್ ಹಿಂದೆ ತಿರುಗಿ, ಕತ್ತು ಎತ್ತರಿಸಿ, ಆ ತಲೆಗಳ ನಡುವೆ ಫ್ಲಾಸ್ಕ್ ಕೇಳಿದ ಹುಡುಗನನ್ನು ಹುಡುಕಿದಳು.

ಅವನು ಬರುತ್ತಿದ್ದ.