ಕಾಯಿ ಕೀಳದ ಮರ

ದುರ್ಗಯ್ಯನ ಹಾರೆ ಸೊಂಟದಾಳಕ್ಕೆ ಇಳಿದದ್ದೇ ಟಣ್ ಎಂದಿತು. ಕಲ್ಲಿರಬೇಕೆಂದು ಬಗ್ಗಿ ಕೈಯಾಡಿಸಿದವನು ಹಾಗೇ ನಿಂತುಬಿಟ್ಟ.

"ಸ್ವಾಮಿ, ಇಲ್ಲಿ ಆಗ್ಲೇ ಯಾರೋ ಅವ್ರೆ."

ಜ್ಞಾನೇಶನ ಮುಖ ಕಪ್ಪಿಟ್ಟಿತು. ಅವನ ಅಪ್ಪ ಮರುಳಸಿದ್ದಯ್ಯನ ಹೆಣವನ್ನು ಅಂಗಳದಲ್ಲಿ ಕೂರಿಸಿದ್ದರು. ಪಟೇಲಿಕೆ ಹೋಗಿ ಎಷ್ಟೋ ಕಾಲವಾಗಿದ್ದರೂ ಶೆಟ್ಟಿಕೆರೆ ಸುತ್ತಿಗೆಲ್ಲ ಅವರು ಪಟೇಲರೇ, ಮೊದಲ ವೀಳ್ಯ ಆ ಮನೆಗೇ. ಅಪ್ಪ ಕೈಯಾರೆ ನೀರೆರೆದು ಸಾಕಿ, ಒಂದು ದಿನವೂ ಕಾಯಿ ಕೀಳಗೊಡದಿದ್ದ ತೆಂಗಿನ ಮರವಿದು, ಇದರ ನೆರಳಲ್ಲೇ ನೆಮ್ಮದಿಯಾಗಿರಲಿ ಎಂದು ಜಾಗ ತೋರಿಸಿದವನು ಜ್ಞಾನೇಶನೇ.

"ಮುಚ್ಚು ದುರ್ಗಯ್ಯ. ಆ ಕಡೆ ಅಗಿ. ಹಳೇ ಕಾಲದ್ದು ಯಾವ್ದೋ ಇರ್ಬೇಕು."

"ಎದೆ ಮ್ಯಾಲೆ ಲಿಂಗದ ಕರಡಿಗೆ ಐತೆ ಸ್ವಾಮಿ. ಬೆಳ್ಳೀದು."

ವಿಭೂತಿ ತಟ್ಟೆ ಹಿಡಿದು ಬಂದಿದ್ದ ಪುಟ್ಟಗೌರಮ್ಮ ತಟ್ಟೆ ಕೆಳಗಿಟ್ಟು ಕೈ ಚಾಚಿದಳು. ಸತ್ತ ಪಟೇಲರ ಅತ್ತಿಗೆ ಆಕೆ. ಎಪ್ಪತ್ತು ದಾಟಿದ್ದರೂ ಹಣೆಯಗಲ ಕುಂಕುಮ.

"ತಾ ಇಲ್ಲಿ."

"ದೊಡ್ಡಮ್ಮ, ನೀವು ಮನೆ ಕಡೆ ನಡೀರಿ," ಎಂದ ಜ್ಞಾನೇಶ.

"ತಾ ಅಂದೆ ಕಣಪ್ಪ."

ಸೆರಗಿನಿಂದ ಮಣ್ಣು ಒರೆಸಿದಳು. ಮುಚ್ಚಳದ ಮೇಲಿನ ಬಸವನಿಗೆ ಒಂದೇ ಕೊಂಬು.

*

ಐವತ್ತೈದು ವರ್ಷದ ಹಿಂದೆ ಮದುವೆಯಲ್ಲಿ ಅವಳ ಅಪ್ಪ ಅಳಿಯನಿಗೆ ಕೊಟ್ಟ ಕರಡಿಗೆ ಅದು. ಬಾವಿಕಟ್ಟೆಯ ಮೇಲೆ ಜಾರಿಸಿ ಕೊಂಬು ಮುರಿದವಳು ಅವಳೇ. ಗಂಡ ನಂಜುಂಡಪ್ಪ ಬಯ್ಯಲಿಲ್ಲ.

"ಒಂದೇ ಕೊಂಬಾದ್ರೆ ಹಾಯಾಕಿಲ್ಲ ಬುಡು," ಎಂದು ನಕ್ಕಿದ್ದ.

ಅವನು ಹಿರಿಯ ಮಗ. ಮನೆ, ತೋಟ, ಮರ್ಯಾದೆ ಎಲ್ಲ ಅವನಿಗೇ ಬರಬೇಕಿತ್ತು. ಮಾವ ತೀರಿಕೊಂಡ ಎಂಟನೆಯ ದಿನ ಅಣ್ಣನ ಜೊತೆ ತಿಪಟೂರಿಗೆ ಹೋದ ಮರುಳಸಿದ್ದಯ್ಯ ಒಬ್ಬನೇ ಬಂದ.

"ಅಣ್ಣ ರೈಲು ಹತ್ತಿಬುಟ್ಟ ಅತ್ತಿಗೆ. ಸಂಸಾರ ಸಾಕಂತೆ. ಮನೆ ನೀನೇ ನೋಡ್ಕೊ ಅಂದ."

ಕಾಲು ಹಿಡಿದು ಅತ್ತ. ಅವಳು ನಂಬಿದಳು. ಮಾರನೆಯ ದಿನ ಅವನು ತೋಟದಲ್ಲಿ ಒಂದು ತೆಂಗಿನ ಸಸಿ ನೆಟ್ಟ. ಮಣ್ಣು ಮಾಡಿದ ಕಡೆ ಸಸಿ ನೆಡುವುದು ಆ ಮನೆಯ ವಾಡಿಕೆ. ಮಾವನ ಸಮಾಧಿಗೆ ತಂದದ್ದರಲ್ಲಿ ಉಳಿದದ್ದಿರಬೇಕೆಂದು ಅಂದುಕೊಂಡು, ಅದಕ್ಕೆ ತಾನೂ ಎಷ್ಟೋ ಸಲ ನೀರು ಹೊಯ್ದಿದ್ದಳು. ಹಬ್ಬದಲ್ಲಿ ಮೊದಲ ಎಲೆ ಅತ್ತಿಗೆಗೇ ಹಾಕಿಸುತ್ತಿದ್ದ ಮೈದುನ.

*

"ಜನ ಸೇರವ್ರೆ ದೊಡ್ಡಮ್ಮ. ಇವತ್ತೊಂದಿನ ಬಾಯಿ ಬಿಡಬ್ಯಾಡಿ," ಕರಡಿಗೆ ಯಾರದೆಂದು ಅವಳ ಮುಖದಲ್ಲೇ ಓದಿದ ಜ್ಞಾನೇಶ ಕೈಮುಗಿದ. "ಅಪ್ಪನ ಹೆಸ್ರು ಮಣ್ಣಾಯ್ತದೆ."

ಅವಳು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಮನೆಯ ಕಡೆ ನಡೆದಳು. ಜ್ಞಾನೇಶ ಹಿಂದೆಯೇ ಓಡೋಡಿ ಬಂದ.

ಅಂಗಳದಲ್ಲಿ ಹೆಂಗಸರು ಪಟೇಲರ ಹೆಂಡತಿ ದ್ರಾಕ್ಷಾಯಣಮ್ಮನನ್ನು ಹೆಣದ ಮುಂದೆ ಕೂರಿಸಿ ಬಳೆ ಒಡೆಯಲು ಕಲ್ಲು ತಂದಿದ್ದರು. ಪುಟ್ಟಗೌರಮ್ಮ ಅವಳ ಪಕ್ಕದಲ್ಲೇ ಹೆಣಕ್ಕೆ ಬೆನ್ನು ಮಾಡಿ ಕೂತಳು.

"ಅಕ್ಕ, ಮುತ್ತೈದೆ ನೀವು. ಇಲ್ಲಿ ಕೂರಬಾರ್ದು," ಎಂದಳು ದ್ರಾಕ್ಷಾಯಣಮ್ಮ.

ಪುಟ್ಟಗೌರಮ್ಮ ಕರಡಿಗೆಯನ್ನು ಮಡಿಲಲ್ಲಿಟ್ಟುಕೊಂಡಳು.

"ಮೊದ್ಲು ನನ್ನವು ಒಡೀರಿ," ಎಂದಳು. "ನಮ್ಮನೆಯವ್ರು ಹಿರೇರು."

ಚಾಚಿದ ಎರಡೂ ಕೈಗಳ ಹಸಿರು ಬಳೆಗಳು ಮುಂಗೈಯಿಂದ ಮಣಿಕಟ್ಟಿಗೆ ಜಾರಿ ನಿಂತವು.