ಅಣ್ಣನ ಕುರ್ಚಿ ಇದ್ದ ಜಾಗ

ಗಾಳಿ ಕುರ್ಚಿಯ ಹೊಟ್ಟೆಯೊಳಗೆ ಹೊಕ್ಕಿತು, ಎತ್ತುತ್ತಿದೆ, ಇನ್ನೇನು ಹಾರಿಸಿಕೊಂಡು ಹೋಗುತ್ತದೆ, ಅಂಬುಜಾ ಎರಡೂ ತೋಳು ಬಳಸಿ ಅದನ್ನು ಎದೆಗೆ ಅವುಚಿಕೊಂಡಳು — ತೂಕವೇ ಇಲ್ಲ ಇದಕ್ಕೆ, ಬಿದಿರಿನ ದಬ್ಬೆ, ಕಾಗದ, ಮೈದಾ ಹಿಟ್ಟಿನ ಅಂಟು, ಅಷ್ಟೇ, ಎತ್ತರ ಅಗಲವೆಲ್ಲ ಅಣ್ಣನ ಕುರ್ಚಿಯದು, ಭಾರ ಮಾತ್ರ ಒಂದು ಕೊಡೆಯದು, ಇಂಗ್ಲೆಂಡಿನ ಬೀಸ್ಟನ್ನಿನ ಹೈ ರೋಡಿನಲ್ಲಿ ಮಂದಿ ನೋಡುತ್ತಿದ್ದಾರೆ, ಕಾಫಿ ಲೋಟ ಹಿಡಿದ ಯೂನಿವರ್ಸಿಟಿ ಹುಡುಗಿಯರು, ತಳ್ಳುಗಾಡಿಯೊಳಗಿನ ಮಗು, ಟ್ರಾಮಿನ ಕಿಟಕಿಗೆ ಒತ್ತಿಕೊಂಡ ಮುಖಗಳು, ನೋಡಲಿ, ಬೇರೆ ದಿನವಾಗಿದ್ದರೆ ಗೋಡೆಗೆ ಅಂಟಿಕೊಂಡೇ ನಡೆಯುತ್ತಿದ್ದಳು, ತರಗತಿಯಲ್ಲಿ ಹೆಸರು ಕೂಗಿದರೆ ಯೆಸ್ ಮಿಸ್ ಅನ್ನುವ ಬದಲು ಕೈ ಮಾತ್ರ ಎತ್ತುತ್ತಿದ್ದವಳು, ಹದಿನಾರಕ್ಕೇ ಸಾಕೆಂದು ಶಾಲೆ ಬಿಟ್ಟವಳು, ಇವತ್ತು ಹಾಡಹಗಲಲ್ಲಿ ಕಾಗದದ ಕುರ್ಚಿ ಹೊತ್ತು ನಡೆಯುತ್ತಿದ್ದಾಳೆ, ನಾಚಿಕೆ ಕೂಡ ಬರುತ್ತಿಲ್ಲ, ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಅಣ್ಣ ತೀರಿಕೊಂಡ ಜನವರಿಯಿಂದ ಅವಳ ಮೈಯೆಲ್ಲ ಹಾಗೆ, ಈಗ ಏಪ್ರಿಲ್, ದಾರಿಬದಿಯ ಗಿಡಗಳು ಹೂಬಿಟ್ಟಿವೆ, ಬಿಟ್ಟಿರಬಹುದು.

ಹಿಂಗ ಕುರ್ಚಿ ಸುಡೂದು ನಮ್ಮ ಪದ್ಧತಿ ಅಲ್ಲ ನೋಡವಾ, ಬೆಳಿಗ್ಗೆ ಅಪ್ಪ ಅಂದರು, ಟೋಸ್ಟಿಗೆ ಬೆಣ್ಣೆ ಸವರುತ್ತ, ಅವಳ ಮುಖ ನೋಡದೆ, ನಾವು ಮಣ್ಣು ಮಾಡಾವ್ರು, ನಮ್ಮ ಮನೆತನದಾಗ ಹೋದವರ ಒಂದು ಕೂದಲಾ ಸುದ್ದಾ ಬೆಂಕಿಗೆ ಹಾಕಿಲ್ಲ, ಮತ್ತ ಅಂವ ಲಿಂಗೈಕ್ಯ ಆಗ್ಯಾನ, ಐಕ್ಯ ಆದವಗ ಕುರ್ಚಿ ಯಾಕ ಬೇಕು, ನಿನ್ನ ಅಂಗಡಿಯ ಆ ಚೀನಾದವರ ದೇವರು ಬ್ಯಾರೆ, ಅವರ ಲೋಕ ಬ್ಯಾರೆ — ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಐಕ್ಯ ಆದವರನ್ನು ಕೂಡಿಸಿ ಮಣ್ಣು ಮಾಡುತ್ತಾರಲ್ಲ ಅಪ್ಪಾ, ಅಣ್ಣನನ್ನು ಯಾಕೆ ಮಲಗಿಸಿದಿರಿ — ಚಹಾದ ಜೊತೆ ನುಂಗಿದಳು, ಹೊರಡುವಾಗ ನೋಡಿದರೆ ಕೊರಳಿಗೆ ಆಫೀಸಿನ ಬ್ಯಾಡ್ಜು ಹಾಕಿಕೊಂಡ ಅಪ್ಪ ಬಾಗಿಲಲ್ಲಿ ನಿಂತಿದ್ದರು, ಗಾಳಿ ಭಾಳ ಅದ ಅಂದರು, ಅಷ್ಟೇ, ಈಗ ಅವಳ ಮುಂದೆ ಕೋಟಿನ ಎರಡೂ ಅಂಚು ಅಗಲಿಸಿ ಹಿಡಿದು ನಡೆಯುತ್ತಿದ್ದಾರೆ, ಗಾಳಿಗೆ ಅಡ್ಡವಾಗಿ, ದೊಡ್ಡ ಹಕ್ಕಿಯೊಂದು ರೆಕ್ಕೆ ಮಡಿಚುವುದನ್ನು ಮರೆತ ಹಾಗೆ, ಆಫೀಸು ಇರುವುದು ಆ ಕಡೆ, ಅವರು ನಡೆಯುತ್ತಿರುವುದು ಈ ಕಡೆ, ಒಮ್ಮೆಯೂ ತಿರುಗಿ ನೋಡುತ್ತಿಲ್ಲ.

ಮಲಗಿದರ ಮುಳುಗಿದಂಗ ಆಗ್ತದ ಅಂಬೂ, ಅಣ್ಣ ಹೇಳಿದ್ದ, ಶ್ರೀಕಾಂತ, ಅವ್ವನಿಗೆ ಶ್ರೀ, ಅವಳಿಗೆ ಬರೀ ಅಣ್ಣ, ಅವನ ಹೃದಯ ಸೋತಿತ್ತು, ಅಂಗಾತ ಬಿದ್ದ ಕೂಡಲೇ ನೀರು ಎದೆಗೆ ಏರಿ ಉಸಿರು ಹಿಡಿಯುತ್ತಿತ್ತು, ದಿಂಬಿನ ಮೇಲೆ ದಿಂಬು ಒಟ್ಟಿ ನೋಡಿದರು, ಆಗಲಿಲ್ಲ, ಕೊನೆಗೆ ಕಿಟಕಿಯ ಪಕ್ಕದ ಕುರ್ಚಿಯೇ ಗತಿ, ಮರದ ತೋಳಿನ, ಕಂದು ಬಟ್ಟೆಯ ಕುರ್ಚಿ, ಊಟ ಅಲ್ಲೇ, ನಿದ್ದೆ ಅಲ್ಲೇ, ಊದಿದ ಎರಡು ಪಾದ ಕಾರ್ಪೆಟ್ಟಿನ ಮೇಲೆ, ಲೇ ಅಂಬೂ ದರ್ಬಾರ್ ಶುರು ಆಗ್ಯದ, ಪ್ರಜೆಗಳು ಬಿಸ್ಕಿಟ್ ತಗೊಂಡು ಬರ್ರಿ, ಒಂದೀಟು ಹಾಸಿಗ್ಯಾಗ ಅಡ್ಡಾಗಿ ನೋಡಪಾ ಅಂತ ಅವ್ವ ಅಂದರೆ ನೋ ವೇ ಮಮ್, ನಾ ಎದ್ದರ ಈ ಕಳ್ಳಿ ಸಿಂಹಾಸನ ಹಾರಸ್ತಾಳ, ಅವಳ ಕಡೆ ಕಣ್ಣು ಹೊಡೆದು, ಇನ್ನೊಂದು ದಿನ, ಅವ್ವ ಅಡುಗೆಮನೆಯಲ್ಲಿದ್ದಾಗ, ದನಿ ಇಳಿಸಿ, ನಮ್ಮ ಮಂದಿ ಭಾಳ ಶಾಣ್ಯಾರ ನೋಡು, ಹೋದವರನ್ನ ಕೂಡಿಸೇ ಕಳಸ್ತಾರ, ಪರ್ಫೆಕ್ಟ್ ಫಾರ್ ಮಿ, ಒಟ್ಟ ಮಲಗೂದೇ ಇಲ್ಲ — ಅವಳು ನಕ್ಕಿದ್ದಳು, ನಕ್ಕು ಕೈಯಲ್ಲಿದ್ದ ಚಹಾ ಚೆಲ್ಲಿದ್ದಳು, ಕುರ್ಚಿಯ ಬಲಗಾಲು ಇದ್ದಲ್ಲಿ ಕಾರ್ಪೆಟ್ಟಿನ ಮೇಲೆ ಆ ಕಲೆ ಇನ್ನೂ ಇದೆ.

ಪೆಟ್ಟಿಗೆ ಮಲಗುವ ಪೆಟ್ಟಿಗೆ, ಎಲ್ಲ ಪೆಟ್ಟಿಗೆಯೂ ಮಲಗುವ ಪೆಟ್ಟಿಗೆ, ಕೂಡುವ ಪೆಟ್ಟಿಗೆ ಅಂತ ಇರುವುದಿಲ್ಲ, ಶವಸಂಸ್ಕಾರದವನು ಕಪ್ಪು ಟೈ ಸರಿಮಾಡಿಕೊಂಡು ಬಹಳ ಮೆತ್ತಗೆ ಹೇಳಿದ, ಸರ್, ಕುಳಿತ ಹಾಗೆ ಹೂಳಲು ಇಲ್ಲಿ ಅನುಕೂಲವಿಲ್ಲ, ಕ್ಷಮಿಸಿ, ಅಪ್ಪ ತಕ್ಷಣ ತಲೆಯಾಡಿಸಿದರು, ಆಫ್ ಕೋರ್ಸ್ ಆಫ್ ಕೋರ್ಸ್, ಎರಡನೇ ಸಲ ಕೇಳಲಿಲ್ಲ, ಅವಳು ಪಕ್ಕದಲ್ಲೇ ಇದ್ದಳು, ಎರಡನೇ ಸಲ ಕೇಳುತ್ತಾರೆಂದು ಕಾಯುತ್ತಿದ್ದಳು, ಬಿಳಿ ರೇಷ್ಮೆಯ ಮೇಲೆ ಅಂಗಾತ ಅಣ್ಣ, ಹಣೆಗೆ ವಿಭೂತಿ, ಎದೆಯ ಮೇಲಿನ ಅಂಗೈಯಲ್ಲಿ ಲಿಂಗ, ತಲೆಯ ಕೆಳಗೆ ತೆಳ್ಳನೆಯ ದಿಂಬು, ಒಂದೇ ಒಂದು, ಅಷ್ಟು ಸಪಾಟಾಗಿ ಅವನು ಎಷ್ಟೋ ತಿಂಗಳಿಂದ ಮಲಗಿರಲಿಲ್ಲ, ಗದಗಿನಿಂದ ಅಯ್ಯನವರು ವಿಡಿಯೋ ಕಾಲ್‌ನಲ್ಲಿ ಮಂತ್ರ ಹೇಳುತ್ತಿದ್ದವರು ನಡುವೆ ನಿಲ್ಲಿಸಿ ಕೇಳಿದರು, ವೀರಭದ್ರಪ್ಪಾ, ಹುಡುಗನ್ನ ಕೂಡಿಸಿರಿಲ್ಲೋ, ಅಪ್ಪ ಫೋನನ್ನು ಎದೆಗೆ ಒತ್ತಿಕೊಂಡರು, ಆಮೇಲೆ ಕೆಂಪು ಗುಂಡಿ ಒತ್ತಿದರು, ಸಿಗ್ನಲ್ ಹೋತು ಅಂದರು, ಸುತ್ತ ನಿಂತವರಿಗೆ, ಸಿಗ್ನಲ್ ಹೋತ್ರಿ, ಅವಳು ನೋಡಿದ್ದಳು, ಸಿಗ್ನಲ್ ತುಂಬ ಇತ್ತು.

ಮಾರನೆಯ ದಿನವೇ ಚಾರಿಟಿಯವರ ವ್ಯಾನ್ ಬಂದು ಕುರ್ಚಿ ಒಯ್ದಿತು, ಅಪ್ಪನೇ ಕರೆಸಿದ್ದರು, ನೋಡಲಿಕ್ಕೆ ಆಗಲ್ಲ ಅಂತ, ಇಬ್ಬರು ಎತ್ತಿಕೊಂಡು ಹೋದರು, ಉಳಿದದ್ದು ಕಾರ್ಪೆಟ್ಟಿನಲ್ಲಿ ನಾಲ್ಕು ಗುಳಿ, ನಾಣ್ಯದಷ್ಟು ಅಗಲ, ಬೆರಳಿಟ್ಟರೆ ತುದಿ ಮುಳುಗುವಷ್ಟು ಆಳ, ಅವ್ವ ಶನಿವಾರ ಧೂಳು ಹೀರುವ ಹೂವರ್ ಹಾಕುತ್ತಾಳೆ, ಸೋಫಾದಿಂದ ಹೊರಟ ಹೂವರ್ ಕಿಟಕಿಯ ಹತ್ತಿರ ಬಂದಾಗ ಸದ್ದು ಬದಲಾಗುತ್ತದೆ, ಮೊದಲ ಗುಳಿಯ ಸುತ್ತ ಒಂದು ತಿರುವು, ಎರಡನೆಯದರ ಸುತ್ತ ಒಂದು ತಿರುವು, ಇಲ್ಲದ ಕುರ್ಚಿಯ ಕಾಲಿಗೆ ತಾಗಬಾರದೆನ್ನುವ ಹಾಗೆ, ಮೇಲೆ ಹಾದರೆ ದಾರ ಎದ್ದು ಗುಳಿ ಮುಚ್ಚಿಹೋಗುತ್ತದೆ, ಅವ್ವನಿಗೆ ಗೊತ್ತು, ಆ ಗುಳಿಗಳ ಮೇಲೆಯೇ ಅಂಬುಜಾ ಕಾಗದ ಹಾಸಿ ಪೆನ್ಸಿಲ್ ಉಜ್ಜಿ ಗುರುತು ತೆಗೆದುಕೊಂಡಳು, ಕುರ್ಚಿ ಹೋದ ಮೇಲೂ ಅಳತೆ ಅಲ್ಲಿತ್ತು.

ಅಷ್ಟು ಅಳತೆ ಏನೂ ಬೇಡ, ಚೌ ಆಂಟಿ ಅಂದಿದ್ದರು, ಅವರ ಅಂಗಡಿಯಲ್ಲೇ ಅವಳ ಕೆಲಸ, ಮುಂದೆ ನೂಡಲ್ಸು ಸಾಸು ಜೋಡಿಸುವುದು, ಹಿಂದಿನ ಕೋಣೆಯಲ್ಲಿ ಆಂಟಿ ಸತ್ತವರಿಗೆ ಕಾಗದದ ಸಾಮಾನು ಕಟ್ಟುತ್ತಾರೆ, ಮನೆ, ಕಾರು, ಫೋನು, ಸೂಟು, ಸುಟ್ಟರೆ ಹೋಗಿ ಸೇರುತ್ತದೆ, ಚಿಕ್ಕದು ಸುಟ್ಟರೂ ಅಲ್ಲಿ ದೊಡ್ಡದಾಗುತ್ತದೆ, ಬರೀ ಕುರ್ಚಿ ಯಾರೂ ಕೇಳಿಲ್ಲಪ್ಪ, ಎಲ್ಲರೂ ಮನೆಯನ್ನೇ ಕೇಳುತ್ತಾರೆ, ಕುರ್ಚಿ ಒಳಗಿರುತ್ತದೆ, ಅಂಬುಜಾ ಆ ಪೆನ್ಸಿಲ್ ಗುರುತಿನ ಕಾಗದ ಬಿಡಿಸಿ ಮೇಜಿನ ಮೇಲಿಟ್ಟಳು, ಆಂಟಿ ಕನ್ನಡಕ ಹಾಕಿಕೊಂಡು ನಾಲ್ಕು ಕಪ್ಪು ಬೊಟ್ಟು ನೋಡಿದರು, ಎದ್ದು ಹೋಗಿ ಉದ್ದನೆಯ ಬಿದಿರು ತಂದರು, ಸರಿ ಆ ಮುಯ್, ಸೀಳು — ಆ ಮುಯ್ ಅಂದರೆ ಅವರ ಮಾತಿನಲ್ಲಿ ತಂಗಿ, ಈಗ ಅವಳನ್ನು ಹಾಗೆ ಕರೆಯುವವರು ಅವರೊಬ್ಬರೇ — ದಬ್ಬೆ ಬಗ್ಗಿಸುವುದು, ಹೊಸೆದ ಕಾಗದದ ಎಳೆಯಿಂದ ಗಂಟು ಹಾಕುವುದು, ಅಂಟು ಸವರುವುದು, ಕೆಂಪು ಕಾಗದ ಹಚ್ಚು ಚೆನ್ನಾಗಿ ಕಾಣುತ್ತದೆ, ಬೇಡ ಆಂಟಿ ಕಂದು, ಪಾರ್ಸೆಲ್ ಸುತ್ತುವ ಕಾಗದ ಹಚ್ಚಿದಳು, ನಿಮ್ಮಪ್ಪ ಅಮ್ಮ ಇದನ್ನು ಮಾಡುವ ಹಾಗಿಲ್ಲ ಗೊತ್ತಲ್ಲ, ಆಂಟಿ ಅಂದರು, ದೊಡ್ಡವರು ಚಿಕ್ಕವರಿಗೆ ಕಳಿಸಬಾರದು, ನೀನು ಅವನಿಗಿಂತ ಚಿಕ್ಕವಳು, ನೀನು ಕಳಿಸಬಹುದು, ನೀನೊಬ್ಬಳೇ, ಹೆಸರು ಬರೆ, ಇಲ್ಲದಿದ್ದರೆ ಬೇರೆ ಯಾರೋ ಕೂತುಬಿಡುತ್ತಾರೆ.

ಹೆಸರು ಅವ್ವನ ಹತ್ತಿರ ಬರೆಸಿದಳು, ತನಗೆ ಕನ್ನಡ ಅಕ್ಷರ ನೆಟ್ಟಗೆ ಬರುವುದಿಲ್ಲ, ಅವ್ವ ಕೈ ಒರೆಸಿಕೊಂಡು ಪೆನ್ನು ಹಿಡಿದಳು, ರೂಢಿ, ಯೋಚನೆ ಮಾಡಿರಲಿಕ್ಕಿಲ್ಲ, ಚಿ. ಶ್ರೀಕಾಂತ ಅಂತ ಬರೆದಳು, ಬರೆದ ಮೇಲೆ ಆ ಚಿರಂಜೀವಿಯ ಚಿ ನೋಡುತ್ತ ಕೂತಳು, ಹೊಡೆದು ಹಾಕಲಿಲ್ಲ, ಇರ್ಲಿ ತಗೋ ಅಂದಳು, ಅವ್ವ, ದಾಕ್ಷಾಯಣಿ, ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದವಳು, ನಿನ್ನೆ ಅಂಬುಜಾ ಕುರ್ಚಿಯನ್ನು ಮನೆಗೆ ತಂದು ಗುಳಿಗಳ ಮೇಲೆ ಇಟ್ಟು ನೋಡಿದಾಗ, ಕಾಲು ನಾಲ್ಕೂ ಸರಿಯಾಗಿ ಕೂತಾಗ, ಅವ್ವ ಹೂವರ್ ಹಿಡಿದು ಬಂದಳು, ಶನಿವಾರವಲ್ಲ, ಕಾಗದದ ಕಾಲಿನ ಸುತ್ತ ಸುತ್ತಿಸಿದಳು, ಒಂದು, ಇನ್ನೊಂದು, ಹೋದಳು.

ಅಂಗಡಿಯ ಹಿತ್ತಿಲು, ತಗಡಿನ ಡಬ್ಬಿಯಲ್ಲಿ ಆಂಟಿ ತಮ್ಮವರಿಗೆ ಚಿನ್ನದ ಬಣ್ಣದ ಕಾಗದ ಸುಡುತ್ತಿದ್ದಾರೆ, ಇವತ್ತು ಅವರ ಕಡೆ ಹಿರಿಯರನ್ನು ನೆನೆಯುವ ದಿನ, ಕುರ್ಚಿ ಡಬ್ಬಿಯೊಳಗೆ ಹಿಡಿಯುವುದಿಲ್ಲ, ಕಾಂಕ್ರೀಟಿನ ಮೇಲೆಯೇ ಇಟ್ಟಳು, ಅಪ್ಪ ಗೇಟಿನಾಚೆ ನಿಂತರು, ಒಳಗೆ ಬರಲಿಲ್ಲ, ಬೆನ್ನು ಹಾಕಿ ನಿಂತರು, ಗಾಳಿ ಗೇಟಿನ ಮೇಲಿಂದ ಇಳಿಯುತ್ತಿತ್ತು, ಆಂಟಿ ಉದ್ದನೆಯ ಕಡ್ಡಿ ಹೊತ್ತಿಸಿ ಕೈಗೆ ಕೊಟ್ಟರು, ಹೊತ್ತಿಸು, ಹೆಸರು ಕರೆ, ಆಮೇಲೆ ಮುಟ್ಟಬೇಡ, ಬೂದಿಯಾಗುವ ತನಕ ಕೋಲು ಹಾಕಿ ಕೆದಕಬೇಡ, ಇಲ್ಲಿ ಹೇಗೆ ಉರಿಯುತ್ತದೋ ಅಲ್ಲಿ ಹಾಗೇ ಮುಟ್ಟುತ್ತದೆ — ಹೊತ್ತಿಸಿದಳು, ಅಣ್ಣಾ ಅಂದಳು, ಕೇಳಿಸಿತೋ ಇಲ್ಲವೋ, ಮೊದಲು ಸೀಟು ಹೋಯಿತು, ಕಂದು ಕಾಗದ ಕಪ್ಪಾಗಿ ಒಳಗೆ ಕುಸಿಯಿತು, ಬಿದಿರು ಮಾತ್ರ ನಿಂತಿದೆ, ಕೆಂಪಗೆ, ಕುರ್ಚಿಯ ಗೆರೆಗಳು ಮಾತ್ರ, ಸುಮ್ಮನೆ ನೋಡುತ್ತಿದ್ದಳು, ಟಿವಿಯಲ್ಲಿ ನೋಡುವ ಹಾಗೆ, ಗಾಳಿ ಬಂತು, ಹಿಂದಿನ ಕಾಲು ಬಾಗಿತು, ಕುರ್ಚಿ ಹಿಂದಕ್ಕೆ ವಾಲುತ್ತಿದೆ, ಹಿಂದಕ್ಕೆ, ಅಂಗಾತ, ಬಿಳಿ ರೇಷ್ಮೆ, ಒಂದೇ ಒಂದು ದಿಂಬು, ಮಲಗಿದರ ಮುಳುಗಿದಂಗ ಅಂಬೂ — ಕೂಡು ಅಣ್ಣಾ, ಕೂಡು, ಯಾರೋ ಕಿರುಚುತ್ತಿದ್ದಾರೆ, ಅವಳದೇ ದನಿ, ಕೋಲು ಬೇಡ ಅಂದಿದ್ದರು, ಕೈ ಮುಟ್ಟಿಸಬೇಡ ಅಂತಲೂ ಅಂದಿದ್ದರು, ಅವಳು ಕುರ್ಚಿಯ ಒರಗು ಹಿಡಿದಳು, ಎರಡೂ ಕೈಯಿಂದ, ನೆಟ್ಟಗೆ ಮಾಡಿ ಹಿಡಿದಳು, ಆ ಮುಯ್ ಬಿಡು ಬಿಡು ಕೈ ಕೈ ಅಂತ ಆಂಟಿ, ಬೆರಳು ಬಿಸಿಯಾಗುತ್ತಿರಬೇಕು, ಯಾರ ಬೆರಳೋ, ಗೇಟು ಕಿರ್ ಅಂದಿತು, ಅಪ್ಪನ ಬೂಟು, ಅಪ್ಪನ ಬ್ಯಾಡ್ಜು, ಕೋಟು ಅಗಲಿಸಿ ಗಾಳಿಯ ಕಡೆ ಬೆನ್ನು ಮಾಡಿ ಬೆಂಕಿಯ ಹತ್ತಿರ, ಇಷ್ಟು ಹತ್ತಿರ, ಕುಕ್ಕುರುಗಾಲಲ್ಲಿ ಕೂತುಬಿಟ್ಟರು, ಉರಿ ನೆಟ್ಟಗಾಯಿತು, ಬಿದಿರು ಅಲ್ಲಾಡದೆ ಉರಿಯಿತು, ಅಪ್ಪ ಅವಳ ಮಣಿಕಟ್ಟು ಹಿಡಿದು ಒಂದೊಂದೇ ಬೆರಳು ಬಿಡಿಸಿದರು, ಬಿಡವಾ ಇನ್ನ, ಬಿಡು, ಅಂವ ಕುಂತಾನ, ಕುಂತಾನ ನೋಡು, ಒರಗು ಉದುರಿತು, ತೋಳು ಉದುರಿತು, ಕಾಲುಗಳು ನಿಂತಲ್ಲೇ ಉರಿದು ಇಳಿಯುತ್ತಿವೆ, ಈಗ ಬೆರಳು ಉರಿಯತೊಡಗಿತು, ತನ್ನದೇ ಬೆರಳು, ಕಾಂಕ್ರೀಟಿನ ಮೇಲೆ ನಾಲ್ಕು ಕಪ್ಪು ಬೊಟ್ಟು, ಮನೆಯಲ್ಲಿ ಹೂವರಿನ ಸದ್ದು ಕಿಟಕಿಯ ಹತ್ತಿರ ಬಂದು ಬದಲಾಗುತ್ತದೆ, ಒಂದರ ಸುತ್ತ ಒಂದು ತಿರುವು, ಇನ್ನೊಂದರ ಸುತ್ತ, ಬೆರಳಿಟ್ಟರೆ ತುದಿ ಮುಳುಗುವ ಗುಳಿ, ನಾಲ್ಕು ಗುಳಿ, ನಾಲ್ಕು