ಕಟ್ಟು ಹಾಕದ ಬೀದಿ

ತಿಮ್ಮರಾಜು ಗೋಡೆಯ ಮೇಲಿನ ಚಿತ್ರವನ್ನು ಗೇಣಿನಲ್ಲಿ ಅಳೆಯುತ್ತಿದ್ದ. ಅವನ ಅವ್ವ ಅಣ್ಣಮ್ಮ ತೀರಿಕೊಂಡಿದ್ದಳು; ಹೆಣವನ್ನು ಹೊರಗೆ ಜಗಲಿಯಲ್ಲಿ ಕೂರಿಸಿದ್ದರು. ಕಿರಂಗೂರಿನ ಹೆಂಗಸರು ಸುತ್ತ ನೆರೆದಿದ್ದರು.

"ಅಪ್ಪ, ಮಣ್ಣು ಮುಗಿಸ್ಕಂಡು ಪಟ್ನಕ್ಕೆ ಓಗ್ಬತ್ತೀನಿ. ಇದ್ಕೆ ಕಟ್ಟು ಆಕ್ಸಿ, ಗಾಜು ಬಡ್ಸ್ಬುಡಾನ. ಅಂಚು ಸೊಟ್ಟಗದೆ, ಒಸಿ ಕತ್ತರಿಸ್ಬೇಕು."

ಕತ್ತರಿಸುವ ಮಾತಿಗೆ ಅವನ ಅಪ್ಪ ಪುಟ್ಟಸ್ವಾಮಿ ಬೆಚ್ಚಿ ಚಿತ್ರದತ್ತ ತಿರುಗಿದ. ಆ ಚಿತ್ರದ ಬಟ್ಟೆ ಅವನದೇ ಹಳೇ ಪಂಚೆ. ಹೆಂಡತಿ ಅದರ ಮೇಲೆ ತಮ್ಮ ಬೀದಿಯನ್ನೇ ಬರೆದಿದ್ದಳು: ಮನೆಗಳು, ನಲ್ಲಿಯ ಮುಂದೆ ಜಗಳವಾಡುವ ಹೆಂಗಸರು, ನಾಲೆ, ಎಮ್ಮೆಗಳು.

"ಆಕ್ಸ್ಲಾ ತಿಮ್ಮ," ಎಂದ ಅಣ್ಣಮ್ಮನ ತಮ್ಮ ಮಂಚಯ್ಯ. "ಇಂಗೇ ಬುಟ್ರೆ ಇಲಿ ಕಡೀತದೆ. ಎತ್ತವ್ವನ ಕೈ ಗುರುತು ಕಣ್ಲಾ."

ಅದೂ ಸುಳ್ಳಲ್ಲ. ಪಂಚೆಯ ಮೂಲೆ ಆಗಲೇ ಪಿಸಿಯುತ್ತಿತ್ತು. ಪುಟ್ಟಸ್ವಾಮಿ ಎಳೆ ಬಿಟ್ಟ ಆ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದ.

*

ಹಿಂದೊಮ್ಮೆ ಅವನೇ ಕಟ್ಟು ಹಾಕಿಸುವ ಮಾತೆತ್ತಿದ್ದ. ಅಣ್ಣಮ್ಮ ಕುಂಚ ತೊಳೆಯುತ್ತ, ನಡುಮನೆಯಲ್ಲಿ ಸಾಲಾಗಿದ್ದ ಹಿರಿಯರ ಫೋಟೋಗಳನ್ನು ಗದ್ದದಲ್ಲೇ ತೋರಿಸಿದ್ದಳು. ಒಂದೊಂದು ಗಾಜಿಗೂ ಕುಂಕುಮ, ಹಾರ.

"ಈ ಮನೇಲಿ ಗಾಜಿನ್ ಒಳಗಿರೋರೆಲ್ಲ ಸತ್ತೋರೇ. ನಮ್ಮ ಬೀದಿಗೂ ಆರ ಆಕ್ಬುಡ್ತೀರಾ?"

"ಮತ್ತೆ ಇದ್ನ ಮುಗ್ಸೋದು ಯಾವಾಗ್ಲೇ?"

"ಮುಗ್ಸಕ್ಕೆ ಇದೇನು ಕಳೆ ಕೀಳೋ ಕೆಲ್ಸವಾ? ಒಬ್ರ ಮನೇಗೆ ಸೊಸೆ ಬತ್ತಾಳೆ, ಒಬ್ರ ಎಮ್ಮೆ ಕರ ಆಕ್ತದೆ. ಬರೀದಿದ್ರೆ ಬೇಜಾರು ಮಾಡ್ಕತಾರೆ."

*

ಹೊಲದಲ್ಲಿ ಮಣ್ಣು ಮಾಡಿ, ತಲೆಗೆ ನೀರು ಹಾಕಿಕೊಂಡು ಬಂದರು. ಆ ದಿನ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯ ಮಾದಮ್ಮ ಅನ್ನ, ಸಾರು ತಂದಳು. ತಿಮ್ಮರಾಜು ಚಿತ್ರದ ಮೊಳೆಗೆ ಕೈ ಹಾಕಿದ.

"ತಕ್ಕಂಡೋಗ್ಲಾ ಅಪ್ಪ? ಅಂಗ್ಡಿ ಮುಚ್ಬುಡ್ತಾನೆ."

ಮಾದಮ್ಮ ಪಾತ್ರೆ ಕುಕ್ಕಿದಳು. "ಎಲ್ಲಿಗ್ಲಾ? ನಮ್ಮನೆ ಮ್ಯಾಲೆ ಮಾಳ್ಗೆ ಕಟ್ಟಿ ವರ್ಸಾಯ್ತು, ಇದ್ರಲ್ಲಿ ಇನ್ನೂ ಬರೀ ಎಂಚು! ನಾಳೆ ಬರೀತೀನಿ, ನಾಳೆ ಬರೀತೀನಿ ಅನ್ಕಂಡೇ ಒಂಟೋದ್ಲು ಪುಣ್ಯಾತ್ಗಿತ್ತಿ. ಗಾಜು ಬಡ್ದ್ರೆ ನಾನು ಸಾಯೋಗಂಟ ಎಂಚಿನ ಮನೇಲೇ ಇರ್ಬೇಕಾ?"

ಅತ್ತು ಸೊರಗಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ತಿಮ್ಮರಾಜು ಮೊಳೆಯಿಂದ ಕೈ ತೆಗೆಯಲಿಲ್ಲ. "ಬರಿಯೋಳೇ ಇಲ್ವಲ್ಲ ಚಿಕ್ಕವ್ವ."

ಪುಟ್ಟಸ್ವಾಮಿ ಎದ್ದ.

"ಮೊಳೆ ಬುಡ್ಲಾ ಮಗ. ಕಟ್ಟೂ ಬ್ಯಾಡ, ಕತ್ರೀನೂ ಬ್ಯಾಡ. ಪಂಚೆ ಅರಿದ್ರೆ ಸೂಜಿ ತಕ್ಕಂಡು ಒಲ್ಕಳಾನ."

ಗೂಡಿನಿಂದ ಅಣ್ಣಮ್ಮನ ಬಣ್ಣ, ಕುಂಚ ತೆಗೆದ.

"ನೀವು ಬರೀತೀರಾ ಭಾವ?" ಮಂಚಯ್ಯ ಬೆರಗಾದ. "ನೇಗ್ಲು ಇಡ್ದ ಕೈಲಿ?"

"ಸೊಟ್ಟಗಾದ್ರೆ ಮಾಳ್ಗೆ ಕಟ್ಟಿದ್ ಮೇಸ್ತ್ರೀನ ಬಯ್ಯಿ."

ಮಾದಮ್ಮನ ಮನೆ ಪಂಚೆಯ ಮೇಲಂಚಿಗೇ ತಗುಲಿಕೊಂಡಿತ್ತು. "ಅಯ್ಯೋ, ಮ್ಯಾಲೆ ಜಾಗ್ವೇ ಇಲ್ವಲ್ಲಣ್ಣ!" ಎಂದಳು ಅವಳು.

ಅವನು ಕುಂಚ ಅದ್ದಿದ. ನೀಲಿ ಗೆರೆ ಹೆಂಚನ್ನು ಏರಿ, ಪಂಚೆಯ ಅಂಚು ದಾಟಿ, ಸುಣ್ಣದ ಗೋಡೆಗೆ ಹತ್ತಿತು. ಅಲ್ಲಿ, ಗೋಡೆಯ ಮೇಲೆ, ಪುಟ್ಟಸ್ವಾಮಿ ಉಸಿರು ಬಿಗಿಹಿಡಿದು ಮಾದಮ್ಮನ ಮಾಳಿಗೆಗೆ ಒಂದು ಕಿಟಕಿ ತೆರೆದ.